ಆರ್‌ಪಿಜಿ ಮೇಕರ್ ಗೇಮ್ ಅಂದರೆ ಆಟಗಾರರು ಮುಖ ತಿರುಗಿಸುವುದೇಕೆ: ನನ್ನ ಅನುಭವ

ಆರ್‌ಪಿಜಿ ಮೇಕರ್ ಅಂದರೆ ಕೋಡ್ ಬರೆಯದೆಯೂ ಕಥೆ, ಫೈಟ್ ಇರುವ ಗೇಮ್ ಕಟ್ಟಲು ಇರುವ ಸಾಫ್ಟ್‌ವೇರ್. ಅದರಲ್ಲಿ ಮಾಡಿದ ಗೇಮ್ ಅನ್ನುವುದು ಒಂದು ಸ್ಕ್ರೀನ್‌ಶಾಟ್ ನೋಡಿದರೆ ಸಾಕು, ಹಳೇ ಆಟಗಾರರಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಅನೇಕರು ಡೌನ್‌ಲೋಡ್ ಕೂಡ ಮಾಡುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಮೇಕರ್‌ನದೂ ಅಲ್ಲ. 2004ರ ಯುಮೆ ನಿಕ್ಕಿ, 2011ರ ಟು ದಿ ಮೂನ್, 2020ರ ಒಮೋರಿ, ಮೂರೂ ಇದೇ ಮೇಕರ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಆದವು, ಮೂರನ್ನೂ ಜನ ತಲೆ ಮೇಲೆ ಹೊತ್ತುಕೊಂಡಿದ್ದಾರೆ. ಬೇಸರ ಹುಟ್ಟುವುದು ಮೇಕರ್ ಜೊತೆಗೇ ಬರುವ ಚಿತ್ರ, ಸದ್ದು, ಸಂಖ್ಯೆಗಳನ್ನು ಯಾರೂ ಮುಟ್ಟದೇ ಹಾಗೇ ಬಿಟ್ಟಾಗ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2017ರಲ್ಲಿ ಸ್ಟೀಮ್ ಡೈರೆಕ್ಟ್ ಬಂದ ಮೇಲೆ 100 ಡಾಲರ್ ಕಟ್ಟಿದವರೆಲ್ಲ ಗೇಮ್ ಹಾಕಬಹುದಾಯಿತು. ಅದೇ ಸ್ಟೀಮ್‌ನಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೊಂಡ 14 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಮೊದಲ ಹತ್ತು ನಿಮಿಷದಲ್ಲಿ ಆಟಗಾರನ ಕೈಗೆ ಏನು ಸಿಗುತ್ತದೆ ಅನ್ನುವುದನ್ನೇ ನಾನು ಮೊದಲು ಸರಿಮಾಡುವುದು. ಕೆಳಗಿನ ಲೆಕ್ಕಗಳು ಮೇಕರ್‌ನ ಎಂವಿ ಮತ್ತು ಎಂಝಡ್ ಆವೃತ್ತಿಗಳದ್ದು.

ಅತಿ ಹೆಚ್ಚು ಬೈಗುಳ ತಿನ್ನುವುದು ಕಾಣದೇ ಎರಗುವ ಫೈಟ್. ಮ್ಯಾಪ್ ಸೆಟ್ಟಿಂಗ್‌ನಲ್ಲಿ ಎನ್‌ಕೌಂಟರ್ ಹೆಜ್ಜೆ 30 ಅಂತ ಮೊದಲೇ ತುಂಬಿರುತ್ತದೆ. 30 ಹೆಜ್ಜೆಗೊಮ್ಮೆ ಫೈಟ್ ಬರುತ್ತದೆ ಅಂತ ಹೊಸಬರು ತಿಳಿಯುತ್ತಾರೆ. ಒಳಗೆ ನಡೆಯುವುದೇ ಬೇರೆ: ಎಂಜಿನ್ 0ರಿಂದ 29ರ ನಡುವೆ ಎರಡು ಸಂಖ್ಯೆ ಎತ್ತಿ, ಕೂಡಿಸಿ, 1 ಸೇರಿಸುತ್ತದೆ. ಅಂದರೆ ಮುಂದಿನ ಫೈಟ್ 1ನೇ ಹೆಜ್ಜೆಯಲ್ಲೂ ಬರಬಹುದು, 59ನೆಯದರಲ್ಲೂ ಬರಬಹುದು. ಸರಾಸರಿ ಮಾತ್ರ 30. ಮಾಮೂಲಿ ನಡಿಗೆಯ ವೇಗ 4. ಆ ವೇಗದಲ್ಲಿ ಒಂದು ಟೈಲ್ (ಮ್ಯಾಪ್‌ನ ಒಂದು ಚೌಕ) ದಾಟಲು 16 ಫ್ರೇಮ್ ಬೇಕು, ಸೆಕೆಂಡಿಗೆ 60 ಫ್ರೇಮ್‌ನಂತೆ 30 ಹೆಜ್ಜೆಗೆ 8 ಸೆಕೆಂಡ್. ಶಿಫ್ಟ್ ಒತ್ತಿ ಓಡಿದರೆ 4 ಸೆಕೆಂಡ್. ನಾಲ್ಕು ಸೆಕೆಂಡಿಗೊಮ್ಮೆ ಪರದೆ ಬದಲಾದರೆ ದಾರಿ ಯಾವುದು ಅನ್ನುವುದೇ ಮರೆತುಹೋಗುತ್ತದೆ. ಟೈಲ್‌ಸೆಟ್‌ನಲ್ಲಿ ಪೊದೆ ಅಂತ ಗುರುತು ಹಾಕಿದ ಜಾಗದಲ್ಲಂತೂ ಪ್ರತಿ ಹೆಜ್ಜೆಯೂ ಎರಡಾಗಿ ಎಣಿಕೆಯಾಗುತ್ತದೆ.

ಕಾಣದ ಫೈಟ್ ಬೇಕೇ ಬೇಕು ಅಂತಿದ್ದರೆ ಹೆಜ್ಜೆ 60ಕ್ಕೆ ಏರಿಸಿ, ಸಣ್ಣ ಪ್ಲಗಿನ್‌ನಲ್ಲಿ (ಮೇಕರ್‌ಗೆ ಹೊರಗಿನಿಂದ ಸೇರಿಸುವ ಕೋಡ್ ಫೈಲ್) ಲೆಕ್ಕವನ್ನು 'ಅರ್ಧ ಖಾತ್ರಿ, ಮಿಕ್ಕಿದ್ದು ಅದೃಷ್ಟ' ಅಂತ ಮಾಡುತ್ತೇನೆ: 30 ಹೆಜ್ಜೆ ಏನೂ ಆಗುವುದಿಲ್ಲ, ಆಮೇಲೆ 0ರಿಂದ 59ರೊಳಗೆ ಒಂದು ಸಂಖ್ಯೆ. ಫೈಟ್ ಮುಗಿದ ಮರುಹೆಜ್ಜೆಗೇ ಇನ್ನೊಂದು ಎದುರಾಗುವ ಕಾಟ ಅಲ್ಲಿಗೆ ನಿಂತಿತು.

ಆದರೆ ನನಗೆ ಇಷ್ಟವಾದ ದಾರಿ ಶತ್ರುವನ್ನು ಮ್ಯಾಪ್ ಮೇಲೇ ಈವೆಂಟ್ ಆಗಿ ಇಡುವುದು. ಈವೆಂಟ್ ಅಂದರೆ ಮ್ಯಾಪ್ ಮೇಲಿನ ಪಾತ್ರ ಅಥವಾ ವಸ್ತು; ಯಾವಾಗ ಏನು ಮಾಡಬೇಕು ಅನ್ನುವುದು ಅದರ ಪುಟಗಳಲ್ಲಿರುತ್ತದೆ. ಮೊದಲ ಪುಟದಲ್ಲಿ ಶತ್ರುವಿನ ಚಿತ್ರ, ಚಲನೆ 'ಹತ್ತಿರ ಬರುವುದು', ಟ್ರಿಗರ್ 'ಈವೆಂಟ್ ಟಚ್', ಒಳಗೆ ಬ್ಯಾಟಲ್ ಪ್ರೊಸೆಸಿಂಗ್, ತಪ್ಪಿಸಿಕೊಳ್ಳಲು ಅನುಮತಿ. ಗೆದ್ದರೆ ಸೆಲ್ಫ್ ಸ್ವಿಚ್ (ಆ ಈವೆಂಟ್‌ಗೆ ಮಾತ್ರ ಸೇರಿದ ಸ್ವಿಚ್) ಎ ಆನ್, ತಪ್ಪಿಸಿಕೊಂಡರೆ ಬಿ ಆನ್. ಎಷ್ಟೋ ಗೇಮ್‌ಗಳು ಕೆಡುವುದು ಈ ಬಿ ಇಲ್ಲದ್ದಕ್ಕೆ. ತಪ್ಪಿಸಿಕೊಂಡು ಹೊರಬಂದಾಗ ಶತ್ರು ಪಕ್ಕದ ಟೈಲ್‌ನಲ್ಲೇ ನಿಂತಿರುತ್ತದೆ, ಮತ್ತೆ ಮೈಗೆ ತಾಗುತ್ತದೆ, ಮತ್ತೆ ಫೈಟ್. ಅದಕ್ಕೆ ಎರಡನೇ ಪುಟ: ಷರತ್ತು ಬಿ, ಅದೇ ಚಿತ್ರ, ಚಲನೆ ಇಲ್ಲ, 'ಥ್ರೂ' (ಆಟಗಾರ ಅದರ ಮೂಲಕವೇ ಹಾದುಹೋಗಬಹುದು) ಆನ್, ಟ್ರಿಗರ್ ಪ್ಯಾರಲಲ್ (ಆಟ ನಿಲ್ಲಿಸದೇ ಹಿನ್ನೆಲೆಯಲ್ಲಿ ತಾನೇ ನಡೆಯುವುದು), ಒಳಗೆ 120 ಫ್ರೇಮ್ ಕಾಯುವಿಕೆ, ಆಮೇಲೆ ಬಿ ಆಫ್. ಎರಡು ಸೆಕೆಂಡಿನಲ್ಲಿ ಆಟಗಾರ ದೂರ ಸರಿಯಬಹುದು. ಮೂರನೇ ಪುಟ: ಷರತ್ತು ಎ, ಚಿತ್ರವಿಲ್ಲ, ಒಳಗೂ ಏನಿಲ್ಲ. ಎ ಪುಟವೇ ಕೊನೆಯದಾಗಿರಬೇಕು. ಷರತ್ತು ಹೊಂದುವ ಪುಟಗಳಲ್ಲಿ ದೊಡ್ಡ ಸಂಖ್ಯೆಯದನ್ನೇ ಎಂಜಿನ್ ಆಯುವುದು.

ಫೈಟ್‌ನ ಒಳಗಿನ ಬೇಸರಕ್ಕೆ ಮೂಲ, ಡ್ಯಾಮೇಜ್ ಎಣಿಸುವ ಸಿದ್ಧ ಸೂತ್ರ: ದಾಳಿ × 4 − ಎದುರಾಳಿಯ ರಕ್ಷಣೆ × 2. ದಾಳಿ 20, ರಕ್ಷಣೆ 15 ಆದರೆ ಡ್ಯಾಮೇಜ್ 50. ರಕ್ಷಣೆ 40 ಆದರೆ ಸೊನ್ನೆ. ಕಳೆಯುವ ಲೆಕ್ಕವಾದ್ದರಿಂದ ಎರಡು ಲೆವೆಲ್ ಹಿಂದಿದ್ದವನ ಏಟು ಶತ್ರುವಿಗೆ ತಾಗುವುದೇ ಇಲ್ಲ, ಎರಡು ಲೆವೆಲ್ ಮುಂದಿದ್ದವನಿಗೆ ಒಂದೇ ಏಟಿಗೆ ಶತ್ರು ಸಾಯುತ್ತದೆ. ಆಮೇಲೆ ಆಟಗಾರ ಲೆವೆಲ್ ಏರಿಸಲು ಒಂದೇ ಕಾಡಿನಲ್ಲಿ ಸುತ್ತಬೇಕು. ನಾನು ಭಾಗಾಕಾರದ ಸೂತ್ರ ಹಾಕುತ್ತೇನೆ: ದಾಳಿ × ದಾಳಿ × 4 ÷ (ದಾಳಿ + ರಕ್ಷಣೆ). ಅದೇ 20ಕ್ಕೆ ರಕ್ಷಣೆ 15 ಇದ್ದರೆ ಸುಮಾರು 46, ರಕ್ಷಣೆ 40 ಇದ್ದರೆ ಸುಮಾರು 27. ಕಷ್ಟದ ಶತ್ರು ಕಷ್ಟವಾಗಿಯೇ ಉಳಿಯುತ್ತದೆ, ಗೋಡೆಯಾಗುವುದಿಲ್ಲ. ವೇರಿಯನ್ಸ್ (ಡ್ಯಾಮೇಜ್ ಶೇಕಡಾ ಎಷ್ಟು ಹೆಚ್ಚುಕಮ್ಮಿಯಾಗಬಹುದು ಅನ್ನುವುದು) 20 ಇರುವುದನ್ನು 10ಕ್ಕೆ ಇಳಿಸಿ, ಸಾಮಾನ್ಯ ಶತ್ರು ಮೂರು ಏಟಿಗೆ ಬೀಳುವಷ್ಟು ಎಚ್‌ಪಿ ಕೊಡಿ. ಕಥೆಗೆ ಫೈಟ್ ಬೇಡ ಅನ್ನಿಸಿದರೆ ತೆಗೆದೇ ಹಾಕಿ. ಟು ದಿ ಮೂನ್‌ನಲ್ಲಿ ಫೈಟ್ ವ್ಯವಸ್ಥೆಯೇ ಇಲ್ಲದಂತಿದೆ, ಯಾರಿಗೂ ಕೊರತೆ ಅನ್ನಿಸಲಿಲ್ಲ.

ಮ್ಯಾಪ್ ವಿಷಯ ಸರಳ. ಹೊಸ ಮ್ಯಾಪ್ 17 × 13 ಟೈಲ್ ಅಂತ ತೆರೆದುಕೊಳ್ಳುತ್ತದೆ, 816 × 624ರ ಪರದೆಗೆ ಸರಿಯಾಗಿ ಹೊಂದುವ ಅಳತೆ. ಅದು ಚಿಕ್ಕದು ಅಂತ 100 × 100 ಮಾಡಿ ನಾಲ್ಕು ಮನೆ ಇಟ್ಟರೆ, ಈ ತುದಿಯಿಂದ ಆ ತುದಿಗೆ ನಡೆಯಲು 27 ಸೆಕೆಂಡ್ ಹಿಡಿಯುತ್ತದೆ, ಅಷ್ಟೂ ಹೊತ್ತು ಬರೀ ಹುಲ್ಲು. ಮನೆಯೊಳಗಿನ ಮ್ಯಾಪ್ ಒಂದು ಪರದೆ ಮೀರಬಾರದು, ಊರು ಎರಡು ಅಥವಾ ಮೂರು ಪರದೆ ಸಾಕು. 'ಯಾವಾಗಲೂ ಓಟ' ಆಯ್ಕೆ ಮೊದಲಿಗೆ ಆಫ್ ಇರುತ್ತದೆ, ಅದನ್ನು ಆನ್ ಮಾಡಿಯೇ ಕೊಡಿ.

ಚಿತ್ರಕ್ಕೆ ದುಡ್ಡಿಲ್ಲದಿದ್ದರೆ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಮುಖ್ಯ ಪಾತ್ರದ ಮುಖ, ಮಾತಿನ ಕಿಟಕಿಯ ಚಿತ್ರ, ಟೈಟಲ್ ಪರದೆ, ಇವು ಮೊದಲು. ಅದಕ್ಕಿಂತ ಅಗ್ಗದ್ದು, ಬಹಳ ಜನ ಮರೆಯುವುದು ಸದ್ದು: ಕರ್ಸರ್, ಸರಿ, ರದ್ದು, ತಪ್ಪು, ಈ ನಾಲ್ಕು ಸದ್ದುಗಳನ್ನು ಆಟಗಾರ ಆಟದುದ್ದಕ್ಕೂ ಕೇಳುತ್ತಲೇ ಇರುತ್ತಾನೆ. ಬೇರೆ ಗೇಮ್‌ಗಳಲ್ಲಿ ಕೇಳಿ ಕಿವಿಗೆ ಅಂಟಿದ ಸದ್ದೇ ಇಲ್ಲೂ ಬಂದರೆ ಚಿತ್ರ ಎಷ್ಟೇ ಹೊಸದಾಗಿದ್ದರೂ ವ್ಯರ್ಥ.

ಕನ್ನಡದಲ್ಲಿ ಗೇಮ್ ಮಾಡುವವರಿಗೆ ಇನ್ನೊಂದು ತೊಡಕಿದೆ. ಇದು ಸರಿಯಾಗದಿದ್ದರೆ ಮಿಕ್ಕಿದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಎಂವಿ ಮಾತಿನ ಕಿಟಕಿಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತದೆ. 'ರಾಷ್ಟ್ರ' ಅಂತ ಬರೆದರೆ ರ, ದೀರ್ಘ, ಷ, ಹಲಂತ, ಟ ಹೀಗೆ ಬಿಡಿಬಿಡಿಯಾಗಿ, ನಡುನಡುವೆ ಚುಕ್ಕಿ ವೃತ್ತಗಳ ಜೊತೆ ಬರುತ್ತದೆ. ಒತ್ತಕ್ಷರ ಕೂಡುವುದೇ ಇಲ್ಲ. ಕನ್ನಡಕ್ಕೆ ಎಂಝಡ್ ಹಿಡಿಯುವುದು ಮೇಲು. ಅದು ಅಕ್ಷರಗಳನ್ನು ಒಟ್ಟುಮಾಡಿ ಬಿಡಿಸಬಲ್ಲದು. ಆದರೂ ಟೈಪ್ ಆದಂತೆ ಮೂಡುವ ಮಾತಿನಲ್ಲಿ ಪ್ರತಿ ಅಕ್ಷರಕ್ಕೂ ಅದು ನಿಲ್ಲುತ್ತದೆ, ಅರೇಬಿಕ್‌ನಂತೆ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೆ ವಿನಾಯಿತಿ ಇದೆ. ಪ್ಲಗಿನ್‌ನಲ್ಲಿ ಆ ವಿನಾಯಿತಿಗೆ ಕನ್ನಡವನ್ನೂ ಸೇರಿಸಿ: ಮುಂದಿನದು ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತವಾದರೆ ನಿಲ್ಲಬಾರದು; ಹಿಂದಿನದು ಹಲಂತವಾದರೂ ನಿಲ್ಲಬಾರದು. ಎರಡನೆಯದನ್ನು ಬಿಟ್ಟರೆ ಗುಣಿತ ಸರಿ ಕಾಣುತ್ತದೆ, ಒತ್ತು ಮತ್ತು ಅರ್ಕಾವತ್ತು ಕೈಕೊಡುತ್ತವೆ. ಕೋಡ್ ಬೇಡ ಅನ್ನುವವರು ಪ್ರತಿ ಸಾಲಿನ ಮೊದಲಿಗೆ \> ಹಾಕಿದರೆ ಸಾಲು ಪೂರ್ತಿ ಒಮ್ಮೆಗೇ ಬರುತ್ತದೆ.

ಜೊತೆಗೆ ಬರುವ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಅನ್ನು ಗೇಮ್ ಫೋಲ್ಡರ್‌ಗೇ ಹಾಕಿ. ಇಲ್ಲದಿದ್ದರೆ ಆಡುವವರ ಕಂಪ್ಯೂಟರಿನಲ್ಲಿರುವ ಯಾವುದೋ ಫಾಂಟ್ ಬಂದು ಸಾಲಿನ ಅಗಲ ಹೆಚ್ಚುಕಮ್ಮಿಯಾಗುತ್ತದೆ. ಎಂಝಡ್‌ನಲ್ಲಿ ಅಕ್ಷರದ ಅಳತೆ 26, ಸಾಲಿನ ಎತ್ತರ 36 ಇರುತ್ತದೆ. 'ಷ್ಟ್ರ'ದ ಎರಡು ಒತ್ತುಗಳಿಗೆ ಅದು ಸಾಲದು, ಕೆಳಗಿನ ಸಾಲಿಗೆ ತಾಗುತ್ತದೆ. ಅಳತೆ 22ಕ್ಕೆ ಇಳಿಸಿ, ಅಥವಾ ಎತ್ತರ 44 ಮಾಡಿ ಕಿಟಕಿಗೆ ನಾಲ್ಕರ ಬದಲು ಮೂರು ಸಾಲು ಇಟ್ಟುಕೊಳ್ಳಿ.

ಕೊನೆಗೆ ಡಿಪ್ಲಾಯ್ಮೆಂಟ್, ಅಂದರೆ ಆಟಗಾರರಿಗೆ ಕೊಡುವ ಪ್ರತಿ ಸಿದ್ಧಮಾಡುವುದು. 'ಬಳಸದ ಫೈಲ್ ಬಿಡು' ಅಂತ ಗುರುತು ಹಾಕಿದರೆ ಗೇಮ್ ಹಗುರಾಗುತ್ತದೆ, ಆದರೆ ಸ್ಕ್ರಿಪ್ಟ್ ಮೂಲಕ ಹೆಸರಿಟ್ಟು ಕರೆದ ಚಿತ್ರ, ಸದ್ದುಗಳು ಅದರ ಕಣ್ಣಿಗೆ ಬೀಳುವುದಿಲ್ಲ, ಅವೂ ಹೋಗುತ್ತವೆ. ಎಡಿಟರ್‌ನಲ್ಲಿ ಆಡಿ ನೋಡಿದಾಗ ಎಲ್ಲ ಸರಿಯಿರುತ್ತದೆ, ಕೊಂಡವರ ಹತ್ತಿರ ಮಾತ್ರ ಫೈಲ್ ಲೋಡ್ ಆಗಲಿಲ್ಲ ಅನ್ನುವ ದೋಷ ಬಂದು ಗೇಮ್ ನಿಲ್ಲುತ್ತದೆ. ಅಂಥ ಫೈಲ್‌ಗಳ ಹೆಸರನ್ನು ಪ್ಲಗಿನ್‌ನ ತಲೆಬರಹದಲ್ಲಿ ಬೇಕಾದವು ಅಂತ ಸೇರಿಸಿ, ಡಿಪ್ಲಾಯ್ ಆದ ಪ್ರತಿಯನ್ನೇ ಬೇರೊಂದು ಕಂಪ್ಯೂಟರಿನಲ್ಲಿ ಮೊದಲಿಂದ ಕೊನೆವರೆಗೆ ಆಡಿ ನೋಡಿ.