ಮಕ್ಕಳ ದವಾಖಾನೆಯಲ್ಲೇ ಮನೆಗೂ ನೆರವು: ಶುರು ಮಾಡುವುದು ಹೇಗೆ?

ಟಾನಿಕ್ ಬರೆದುಕೊಟ್ಟರೂ ತೂಕ ಏರದ ಕೂಸುಗಳು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ವೈದ್ಯರಿಗೆ ಹೊಸತಲ್ಲ. ಅಪ್ಪ ಗೋವಾಕ್ಕೆ ದುಡಿಯಲು ಹೋಗಿರುತ್ತಾನೆ, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರೇ ಸೇರಿರುವುದಿಲ್ಲ. ಇದಕ್ಕೆ ಔಷಧಿ ಅಂಗಡಿಯಲ್ಲಿ ಮದ್ದಿಲ್ಲ. ಆದರೆ 6, 10, 14ನೇ ವಾರ, ಮತ್ತೆ 9ನೇ ತಿಂಗಳು ಲಸಿಕೆಗೆಂದು ತಾಯಿ ಬಂದೇ ಬರುತ್ತಾಳಲ್ಲ, ಮನೆಯ ಕಷ್ಟ ಕೇಳಿ ನೆರವಿನ ದಾರಿ ತೋರಿಸಲು ಆ ಹೊತ್ತು ಸಾಕು.

ಮೊದಲು ಯಾದಿ ಮಾಡಿಕೊಳ್ಳಿ: ಆಶಾ, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಪಂಚಾಯಿತಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯ ಫೋನ್ ನಂಬರುಗಳು. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181. ಯಾದಿ ಇಲ್ಲದೆ ಕಷ್ಟ ಕೇಳಲು ಕೂರಬೇಡಿ. ಕೇಳಿ ಕೈಚೆಲ್ಲುವುದಕ್ಕಿಂತ ಸುಮ್ಮನಿರುವುದು ವಾಸಿ.

ಆಮೇಲೆ ಪ್ರಶ್ನೆಗಳು. ಕೇಳುವವರು ನರ್ಸಮ್ಮ ಆಗಲಿ, ಡಾಕ್ಟರಿಗೆ ಪುರುಸೊತ್ತಿರುವುದಿಲ್ಲ. ರೇಷನ್, ಕೆಲಸ, ಬಾಡಿಗೆ, ಅಂಗನವಾಡಿ, ತಾಯಿಯ ನಿದ್ದೆ, ಮನೆಯೊಳಗಿನ ಹೊಡೆತ-ಬಡಿತ, ಇಷ್ಟೇ. ಹರಿದ ಸೀರೆ ನೋಡಿ ಆರಿಸಿ ಕೇಳಿದರೆ ಅವಮಾನ, ಹಾಗಾಗಿ ಎಲ್ಲರಿಗೂ ಒಂದೇ ಪ್ರಶ್ನೆ: “ಅಕ್ಕಾರ, ರೇಷನ್ ತಿಂಗಳ ಪೂರ್ತಿ ಸಾಲ್ತೈತೇನ್ರಿ?” ಸಾಲದು ಅಂದರೆ ಇನ್ನೊಂದು: “ನಾವೇನರ ಸಹಾಯ ಮಾಡ್ಲೇನ್ರಿ?” ಬೇಡ ಅಂದರೆ ಅಲ್ಲಿಗೇ ಬಿಡಿ. ಹೊಡೆತದ ಮಾತನ್ನು ಮಾತ್ರ ಅತ್ತೆ, ಗಂಡನ ಎದುರು ಎತ್ತಲೇಬಾರದು. ಹಾಲುಣಿಸುವ ಕೋಣೆಗೆ ಕರೆದು ಕೇಳಿ.

ಅಮೆರಿಕದ ಬಾಸ್ಟನ್ನಿನ 8 ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೀಗೆ ಕೇಳಿ ದಾರಿ ತೋರಿಸಿದ ಕೇಂದ್ರಗಳಲ್ಲಿ, ವರ್ಷದ ಹೊತ್ತಿಗೆ ನೆರವಿನ ಸೌಲಭ್ಯ ಪಡೆದ ಕುಟುಂಬಗಳು ಹೆಚ್ಚಿದ್ದವು.

ಚೀಟಿ ಬರೆದುಕೊಟ್ಟು ಕಳಿಸಿದರೆ ಕೆಲಸ ಮುಗಿಯಲಿಲ್ಲ. ತಾಯಿಯ ಎದುರೇ ಅಂಗನವಾಡಿಗೆ ಫೋನ್ ಹಚ್ಚಿ. ಯಾರಿಗೆ ಹೇಳಿದಿರಿ, ಏನಾಯಿತು ಎಂದು ರಿಜಿಸ್ಟರಿನಲ್ಲಿ ಬರೆದು, ಮುಂದಿನ ಲಸಿಕೆಗೆ ಬಂದಾಗ ಮತ್ತೆ ಕೇಳಿ. ಗುಳೆ ಹೊರಟವರಿಗೆ ತಾಯಿ ಕಾರ್ಡ್ (ಮಗುವಿನ ಲಸಿಕೆ, ತೂಕ ಬರೆದಿಡುವ ಕಾರ್ಡು) ಜೊತೆಗೊಯ್ಯಲು ಹೇಳಿ. ಆಧಾರ್ ಜೋಡಿಸಿದ ಬಿಪಿಎಲ್ ಕಾರ್ಡಿದ್ದರೆ ಒಂದು ದೇಶ, ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಬೇರೆ ರಾಜ್ಯದಲ್ಲೂ ಧಾನ್ಯ ಸಿಗುತ್ತದೆ.

6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಊಟ ಸೇರದೆ ಇದ್ದರೆ, ಕಾಲು ಬಾತಿದ್ದರೆ ಅಂದೇ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಇಂಥ ಮಕ್ಕಳನ್ನು ತಾಯಿಯೊಂದಿಗೆ ಇರಿಸಿಕೊಂಡು ಆರೈಕೆ ಮಾಡುವ ಕಡೆ) ಕಳಿಸಿ. ತಾಯಂದಿರು ಒಲ್ಲೆ ಅನ್ನುವುದು ಹೆಚ್ಚಾಗಿ ಕೂಲಿ ತಪ್ಪುತ್ತದೆಂದು, ಹಿರೇ ಮಗುವನ್ನು ನೋಡುವವರಿಲ್ಲವೆಂದು. ಮಗುವಿನ ಜೊತೆ ಉಳಿಯುವ ತಾಯಿಗೆ ಕೂಲಿ ನಷ್ಟದ ಭತ್ಯೆ ಇದೆ. ಇದನ್ನು ಆಂಬುಲೆನ್ಸ್ ಕರೆಯುವ ಮೊದಲೇ ಹೇಳಿ, ಹಿರೇ ಮಗುವಿನ ವಿಷಯ ಆಶಾ ಜೊತೆ ಮಾತಾಡಿ.