ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾದರೆ ಏನು ಮಾಡಬೇಕು?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಶುರುವಾದ ಮೇಲೆ ಮಂಡಿಯ ಬಿಲ್ಲಿಂಗ್ ನಿಲ್ಲುವಂತಿಲ್ಲ. ಅಂಥ ಕಡೆ ಲಿನಕ್ಸ್ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ ಹಾಕಿ ಆನ್ ಮಾಡಿದಿರಿ ಅಂದುಕೊಳ್ಳಿ. ನೆಟ್‌ವರ್ಕ್ ಇಲ್ಲ! ಕೇಬಲ್ ಸರಿಯಾಗಿದೆ, ಸ್ವಿಚ್ಚಿನ ಲೈಟೂ ಮಿನುಗುತ್ತಿದೆ. ಸುಮ್ನೆ ಹೊಸ ಕಾರ್ಡ್ ತರಲು ಓಡಬೇಡಿ.

ಟರ್ಮಿನಲ್‌ನಲ್ಲಿ 'ಐಪಿ ಲಿಂಕ್' ಕಮಾಂಡ್ ಕೊಡಿ. ಮೊದಲು 'ಇಎನ್‌ಪಿ3ಎಸ್0' ಇದ್ದ ಕಡೆ ಈಗ 'ಇಎನ್‌ಪಿ4ಎಸ್0' ಇದೆಯೇ? ಹಾಗಿದ್ದರೆ ಕಾರ್ಡ್ ಚೆನ್ನಾಗಿಯೇ ಇದೆ. ಸೆಟ್ಟಿಂಗ್ ಮಾತ್ರ ಹಳೆಯ ಹೆಸರನ್ನು ಹುಡುಕುತ್ತಿದೆ.

ಹಿಂದೆ ಕಾರ್ಡ್ ಸಿಕ್ಕ ಸರದಿಯಲ್ಲಿ 'ಇಟಿಎಚ್0', 'ಇಟಿಎಚ್1' ಅಂತ ಹೆಸರು ಬೀಳುತ್ತಿತ್ತು. ಎರಡು ಕಾರ್ಡ್ ಇದ್ದರೆ ಒಮ್ಮೊಮ್ಮೆ ಅದಲುಬದಲು ಆಗುತ್ತಿತ್ತು. ಅದನ್ನು ತಪ್ಪಿಸಲು 2013ರಲ್ಲಿ ಸಿಸ್ಟಂಡಿಯ (ಲಿನಕ್ಸ್ ಆನ್ ಆದಾಗ ಬೇಕಾದ ಸೇವೆಗಳನ್ನು ಶುರುಮಾಡುವ ತಂತ್ರಾಂಶ) 197ನೇ ಆವೃತ್ತಿ ಕಾರ್ಡ್ ಕೂತ ಜಾಗದಿಂದಲೇ ಹೆಸರು ಕೊಡಲು ಶುರುಮಾಡಿತು. 'ಪಿ3' ಅಂದರೆ ಪಿಸಿಐ ಬಸ್ (ಮದರ್‌ಬೋರ್ಡಿಗೆ ಕಾರ್ಡುಗಳು ಸೇರುವ ದಾರಿ) 3, 'ಎಸ್0' ಅಂದರೆ ಸ್ಲಾಟ್ 0. ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿಯೂ ಪಿಸಿಐ ಬಸ್ಸಿನಲ್ಲೇ ಕೂರುವುದರಿಂದ ನಂಬರ್ ಒಂದು ಮುಂದಕ್ಕೆ ಸರಿಯಬಹುದು. ಮನೆ ಬದಲಿಸದೆ ಡೋರ್ ನಂಬರ್ ಬದಲಾದ ಹಾಗೆ, ಅಲ್ವಾ? ಹಾಗೆ ಕೂರದ ಸಾಟಾ ಬಗೆಯ ಡಿಸ್ಕಿಗೆ ಈ ಕಾಟ ಇಲ್ಲ. ಬಯೋಸ್ ಅಪ್‌ಡೇಟ್, ಸಿಸ್ಟಂಡಿ ಅಪ್‌ಗ್ರೇಡ್ ಆದಾಗಲೂ ಹೀಗಾಗಬಹುದು.

ತುರ್ತಿಗೆ, ಉಬುಂಟು ಸರ್ವರ್ ಆದರೆ ನೆಟ್‌ಪ್ಲಾನ್ (ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ತಂತ್ರಾಂಶ) ಫೈಲಿನಲ್ಲಿ ಹೊಸ ಹೆಸರು ಬರೆದು 'ನೆಟ್‌ಪ್ಲಾನ್ ಟ್ರೈ' ಕೊಡಿ. ನೀವು ಒಪ್ಪದಿದ್ದರೆ 120 ಸೆಕೆಂಡಿನಲ್ಲಿ ಅದೇ ಹಳೆಯ ಸೆಟ್ಟಿಂಗ್‌ಗೆ ಮರಳುತ್ತದೆ.

ಮತ್ತೆ ಮತ್ತೆ ಹೀಗಾಗಬಾರದು ಅಂದರೆ ಹೆಸರನ್ನು ಮ್ಯಾಕ್ ವಿಳಾಸಕ್ಕೆ, ಅಂದರೆ ಕಾರ್ಡಿಗೆ ತಯಾರಕರೇ ಕೊಟ್ಟ ನಂಬರಿಗೆ, ಕಟ್ಟಿಬಿಡಿ. ಜಾಗ ಬದಲಾದರೂ ಅದು ಬದಲಾಗುವುದಿಲ್ಲ. 'ಇಟಿಸಿ' ಒಳಗಿನ 'ಸಿಸ್ಟಂಡಿ', ಅದರೊಳಗಿನ 'ನೆಟ್‌ವರ್ಕ್' ಫೋಲ್ಡರಿನಲ್ಲಿ 'ಡಾಟ್ ಲಿಂಕ್' ಎಂದು ಕೊನೆಯಾಗುವ ಫೈಲ್ ಮಾಡಿ. ಹೆಸರಿನ ಮುಂದೆ 10 ಇರಲಿ, ಆಗ ಮೊದಲೇ ಓದಿಸಿಕೊಳ್ಳುತ್ತದೆ. 'ಮ್ಯಾಚ್' ಭಾಗದಲ್ಲಿ ಮ್ಯಾಕ್ ವಿಳಾಸ, 'ಲಿಂಕ್' ಭಾಗದಲ್ಲಿ ಬೇಕಾದ ಹೆಸರು. 'ಲ್ಯಾನ್0' ಅಂತ ಇಡಿ. 'ಇಟಿಎಚ್0' ಬೇಡ, ಅದು ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಬಳಸುವ ಹೆಸರು, ಜಗಳ ಬೀಳುತ್ತದೆ. 15 ಅಕ್ಷರ ಮೀರುವಂತಿಲ್ಲ.

ನೆಟ್‌ಪ್ಲಾನ್‌ನಲ್ಲೂ ಫೈರ್‌ವಾಲ್‌ನಲ್ಲೂ ಇದೇ ಹೆಸರು ಹಾಕಿ. ಹೆಚ್ಚಿನವರು ಮರೆಯುವುದು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗುವ ಫೈಲುಗಳ ಪುಟ್ಟ ಕಟ್ಟು) ಅನ್ನು. ಬೂಟ್ ಆಗುವ ಆರಂಭದಲ್ಲೇ ಹೆಸರು ಬೀಳುವುದರಿಂದ ಅದನ್ನೂ ಅಪ್‌ಡೇಟ್ ಮಾಡಿ ರೀಬೂಟ್ ಕೊಡಿ.

ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ನಲ್ಲಿ 'ನೆಟ್ ಡಾಟ್ ಇಫ್‌ನೇಮ್ಸ್' ಸೊನ್ನೆ ಮಾಡಿ, ಹಳೆಯ 'ಇಟಿಎಚ್0' ಥರದ ಹೆಸರೇ ಬರುತ್ತದೆ ಅಂತ ಯಾರಾದರೂ ಹೇಳಬಹುದು. ಒಂದೇ ಕಾರ್ಡ್ ಇದ್ದರೆ ನಡೆಯುತ್ತದೆ. ಎರಡಿದ್ದರೆ ಹಳೆಯ ಅದಲುಬದಲಿನ ಕಾಟ ಮತ್ತೆ ಶುರು.