ಒರಿಜೆನ್ ಹೇಳಿದ್ದೋ, ರುಫಿನಸ್ ತಿದ್ದಿದ್ದೋ? 'ಪೆರಿ ಆರ್ಕೋನ್' ಓದುವ ಬಗೆ

ಆದಿಕಾಲದ ಕ್ರೈಸ್ತ ಚಿಂತಕ, ಅಲೆಕ್ಸಾಂಡ್ರಿಯಾದ ಒರಿಜೆನ್ ಹೀಗೆಂದ ಎಂದು ಬರೆಯುವ ಮುಂಚೆ, ಆ ಮಾತು ಯಾರ ಕೈ ದಾಟಿ ಬಂತೆಂದು ನೋಡಿ. ಮೂರನೇ ಶತಮಾನದ ಅವನ 'ಪೆರಿ ಆರ್ಕೋನ್' ('ಮೂಲತತ್ತ್ವಗಳ ಕುರಿತು') ಗ್ರಂಥದ ಗ್ರೀಕ್ ಮೂಲ ಬಹುಪಾಲು ಕಳೆದುಹೋಗಿದೆ. ಇಡಿಯಾಗಿ ಉಳಿದಿರುವುದು 398ರ ಸುಮಾರಿಗೆ ರುಫಿನಸ್ ಎಂಬ ಕ್ರೈಸ್ತ ಸನ್ಯಾಸಿ ಮಾಡಿದ ಲ್ಯಾಟಿನ್ ಅನುವಾದ ಮಾತ್ರ.

ಮೊದಲು ರುಫಿನಸ್‌ನ ಮುನ್ನುಡಿ ಓದಿ. ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಯ) ವಿಷಯದಲ್ಲಿ ಹೊಂದಿಕೆಯಾಗದ ಸಾಲುಗಳನ್ನು ಬೇರೆಯವರ ಸೇರ್ಪಡೆ ಎಂದು ಭಾವಿಸಿ ಬಿಟ್ಟದ್ದನ್ನು, ತಿದ್ದಿದ್ದನ್ನು ಅವನೇ ಒಪ್ಪಿಕೊಳ್ಳುತ್ತಾನೆ.

ನಂತರ ಮೂರನೇ ಪುಸ್ತಕದ ಮೊದಲ ಅಧ್ಯಾಯ ಹಿಡಿಯಿರಿ. ಇಚ್ಛಾ ಸ್ವಾತಂತ್ರ್ಯ ಕುರಿತ ಈ ಭಾಗದ ಗ್ರೀಕ್ ಮೂಲ, ಒರಿಜೆನ್ ಬರಹಗಳಿಂದ ಆಯ್ದ 'ಫಿಲೋಕಾಲಿಯಾ' ಸಂಕಲನದಲ್ಲಿ ಉಳಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ರುಫಿನಸ್ ಎಲ್ಲಿ ಹಿಗ್ಗಿಸುತ್ತಾನೆ, ಎಲ್ಲಿ ಭಾವಾನುವಾದಕ್ಕೆ ಇಳಿಯುತ್ತಾನೆ ಎಂಬುದು ಕಣ್ಣಿಗೆ ಹತ್ತುತ್ತದೆ. ನಿಧಾನದ ಕೆಲಸ, ಆದರೆ ಇದನ್ನು ಬಿಟ್ಟವರು ಮುಂದೆ ಎಡವುತ್ತಾರೆ.

ಈಗ 1.3.5ಕ್ಕೆ (ಮೊದಲ ಪುಸ್ತಕ, ಮೂರನೇ ಅಧ್ಯಾಯ, ಐದನೇ ಭಾಗ) ಬನ್ನಿ. ಆರನೇ ಶತಮಾನದ ಜಸ್ಟಿನಿಯನ್ ಚಕ್ರವರ್ತಿ ಖಂಡನೆಗೆಂದು ಎತ್ತಿಕೊಂಡ ಗ್ರೀಕ್ ತುಣುಕಿನಲ್ಲಿ ತಂದೆಯ ವ್ಯಾಪ್ತಿ ಇರುವುದೆಲ್ಲಕ್ಕೂ, ಮಗನದು ವಿವೇಕವುಳ್ಳ ಜೀವಿಗಳಿಗಷ್ಟೇ, ಪವಿತ್ರಾತ್ಮದ್ದು ಸಂತರಿಗಷ್ಟೇ. ಒಂದೊಂದು ಮೆಟ್ಟಿಲಿಗೂ ಶಕ್ತಿ ಕುಗ್ಗುತ್ತದೆ. ರುಫಿನಸ್‌ನಲ್ಲಿ ಈ ಇಳಿಕೆಯಿಲ್ಲ. ಅಲ್ಲಿ ತಂದೆ, ಮಗ ಇಬ್ಬರ ಕಾರ್ಯವೂ ಎಲ್ಲೆಡೆ ನಡೆಯುತ್ತದೆ. ಒಬ್ಬನಿಗೆ ಒರಿಜೆನ್‌ನನ್ನು ಕಾಪಾಡಬೇಕಿತ್ತು, ಇನ್ನೊಬ್ಬನಿಗೆ ಕೆಡವಬೇಕಿತ್ತು. ಆದ್ದರಿಂದ ಎರಡನ್ನೂ ಕೊಡಿ, ಯಾವುದು ಯಾರದೆಂದು ನಮೂದಿಸಿ.

ಹೆಚ್ಚು ಜನ ಜಾರುವುದು ಮುದ್ರಿತ ಪ್ರತಿಯಲ್ಲೇ. 1913ರ ಆವೃತ್ತಿಯಲ್ಲಿ ಪೌಲ್ ಕೊಯೆಟ್ಶೌ ಹೀಗೆ ವಿರೋಧಿಗಳು ಎತ್ತಿಕೊಂಡ ತುಣುಕುಗಳನ್ನು ಪಠ್ಯದೊಳಗೇ ಕೂರಿಸಿದರು. 1936ರ ಬಟರ್‌ವರ್ತ್ ಇಂಗ್ಲಿಷ್ ಅನುವಾದ ಅದನ್ನೇ ಅನುಸರಿಸಿತು. ಅದೊಂದನ್ನೇ ನಂಬಿದರೆ, ಹೊಲಿಗೆ ಹಾಕಿದ ತುಂಡನ್ನು ಮೂಲ ಬಟ್ಟೆ ಎಂದುಕೊಂಡಂತೆ. ಕ್ರೂಜೆಲ್–ಸಿಮೊನೆಟ್ಟಿ ಜೋಡಿಯ ಫ್ರೆಂಚ್ ಆವೃತ್ತಿ ಅಥವಾ ಜಾನ್ ಬೇರ್ ಅವರ 2017ರ ಆವೃತ್ತಿಯೊಂದಿಗೆ ತಾಳೆ ನೋಡಿ.

553ರ ಕಾನ್‌ಸ್ಟಾಂಟಿನೋಪಲ್ ಧರ್ಮಸಭೆಯೊಂದಿಗೆ ಸೇರಿಸಿ ಹೇಳುವ ಖಂಡನೆಗಳನ್ನಂತೂ ನೇರವಾಗಿ ಒರಿಜೆನ್ ತಲೆಗೆ ಕಟ್ಟಬೇಡಿ. ಅವುಗಳ ಗುರಿ ಬಹುಮಟ್ಟಿಗೆ ಅವನ ನಂತರದ, ನಾಲ್ಕನೇ ಶತಮಾನದ ಸನ್ಯಾಸಿ ಇವಾಗ್ರಿಯಸ್‌ನ ಚಿಂತನೆ ಎಂದು ಆಂತ್ವಾನ್ ಗಿಯೊಮೊಂ 1962ರಲ್ಲಿ ವಾದಿಸಿದರು.

ಇನ್ನೂ ಅನುಮಾನ ಉಳಿದರೆ ಗ್ರೀಕ್‌ನಲ್ಲೇ ಸಿಗುವ ಕೃತಿಗಳತ್ತ ತಿರುಗಿ: ಕ್ರೈಸ್ತಧರ್ಮದ ಟೀಕಾಕಾರ ಸೆಲ್ಸಸ್‌ಗೆ ಕೊಟ್ಟ ಉತ್ತರ, ಯೋಹಾನನ ಸುವಾರ್ತೆಯ ವ್ಯಾಖ್ಯಾನದ ಉಳಿದ ಭಾಗಗಳು, 2012ರಲ್ಲಿ ಮ್ಯೂನಿಕ್‌ನ ಹಸ್ತಪ್ರತಿಯೊಂದರಲ್ಲಿ ಪತ್ತೆಯಾದ ಕೀರ್ತನೆಗಳ ಮೇಲಿನ 29 ಪ್ರವಚನಗಳು. ಅದೇ ವಿಚಾರ ಅಲ್ಲಿ ಸಿಕ್ಕರೆ, ಮೊದಲು ಅದನ್ನೇ ಉಲ್ಲೇಖಿಸಿ.